ಒಣಗದ ಚೌರಿ

ಪ್ರವಾಸದ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಗೆ ಹೋಗಿ ನೋಡಿದರೆ ನನ್ನ ಚೌರಿ ಇರಲಿಲ್ಲ. ಬಿಸಿನೀರಿನ ಕೊಳಾಯಿ ಪೈಪಿನ ಮೇಲೆ ಅದನ್ನು ಒಣಹಾಕಿ, ಯಾರ ಕಣ್ಣಿಗೂ ಬೀಳದಿರಲೆಂದು ಮೇಲೆ ಟವೆಲು ಹೊದಿಸಿದ್ದೆ. ಟವೆಲು ಇತ್ತು. ಯಾರೋ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು.

ಜಡೆ ದಪ್ಪ ಕಾಣಲೆಂದು ಸೇರಿಸಿ ಹೆಣೆಯುವ ಕೂದಲಿನ ಕಟ್ಟು ಚೌರಿ. ಆದರೆ ನನ್ನದು ಇನ್ನೊಬ್ಬರ ಕೂದಲಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟೈಫಾಯ್ಡ್ ಬಂದು ಕೂದಲು ಹಿಡಿ ಹಿಡಿಯಾಗಿ ಉದುರಿದಾಗ ಅಮ್ಮ ಬಾಚಣಿಗೆಗೆ ಸಿಕ್ಕಿದ್ದನ್ನೆಲ್ಲ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಮದುವೆಯ ಮಾತು ಬಂದಾಗ ಅದನ್ನೇ ಮೂರು ಎಳೆಯ ಚೌರಿಯಾಗಿ ಕಟ್ಟಿಸಿದಳು. ನನ್ನ ತಲೆಯಲ್ಲೇ ಹುಟ್ಟಿದ್ದು, ಸ್ವಲ್ಪ ಕಾಲ ಡಬ್ಬಿಯಲ್ಲಿತ್ತು, ಮತ್ತೆ ತಲೆಗೇ ಬಂತು. ಇದರಲ್ಲಿ ಸುಳ್ಳೇನು ಬಂತು? ಈ ವಾದವನ್ನು ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಮಾಡುತ್ತಿದ್ದೆ. ಒಂದು ದಿನವೂ ಪೂರ್ತಿ ಗೆದ್ದಿರಲಿಲ್ಲ.

ಗಂಡನಿಗೆ ಮದುವೆಯಾದ ವಾರಕ್ಕೇ ಗೊತ್ತಾಯಿತು. "ಅಮ್ಮಂಗೆ ಹೇಳ್ಬೇಡ, ಸುಮ್ನೆ ರಾಮಾಯಣ" ಎಂದು ಪೇಪರು ಬಿಡಿಸಿಕೊಂಡರು. ಅತ್ತೆಗೆ ಗೊತ್ತಿರಲಿಲ್ಲ. ನಾದಿನಿಗೂ ಗೊತ್ತಿರಲಿಲ್ಲ.

ಈ ಪ್ರವಾಸ ನಾದಿನಿಯದು. ಅವಳು ಫಿಸಿಯೋಥೆರಪಿಸ್ಟ್. ಒಂದು ಕ್ಲಿನಿಕ್ಕು ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಒಂದು ತಿಂಗಳು ಸಿಕ್ಕಿತ್ತು. ಬೆನ್ನಿಗೆ ಒಂದೇ ಬ್ಯಾಗು ಹಾಕಿಕೊಂಡು ಹೊರದೇಶ ಸುತ್ತಬೇಕೆಂದು ಮೂರು ವರ್ಷದಿಂದ ದುಡ್ಡು ಕೂಡಿಟ್ಟಿದ್ದಳು. "ಅತ್ತಿಗೆ ಜೊತೆಗೆ ಬಂದ್ರೆ ಹೋಗು, ಇಲ್ಲಾಂದ್ರೆ ಇಲ್ಲ. ದಿನಾ ಒಂದು ಫೋಟೋ ಕಳಿಸ್ಬೇಕು" ಎಂದರು ಅತ್ತೆ. ಗೋದಾಮಿನಲ್ಲಿ ದಾಖಲೆ ಬರೆಯುವ ನನಗೆ ನಾಲ್ಕು ವರ್ಷದಿಂದ ತೆಗೆಯದ ರಜೆ ಉಳಿದಿತ್ತು. ಬರುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಇಲ್ಲವೆನ್ನಲು ನನಗೆ ಬರುತ್ತಿರಲಿಲ್ಲ. ನಾದಿನಿಯ ಕಾವಲಿಗೆಂದು ಹೊರಟವಳು ದಾರಿಯುದ್ದಕ್ಕೂ ಕಾದದ್ದು ಚೌರಿಯನ್ನು.

ನಾದಿನಿಯದು ಎರಡು ಬೆರಳಿನಷ್ಟು ಕೂದಲು. ಮೈಸೋಪಿನಲ್ಲೇ ತಲೆ ತೊಳೆದು, ನಾಯಿಮರಿಯಂತೆ ಎರಡು ಸಲ ಕೊಡವಿ, ಬ್ಯಾಗು ಹೆಗಲಿಗೇರಿಸುತ್ತಿದ್ದಳು. ನನ್ನದು ಹಾಗಲ್ಲ. ಎಂಟು ಹಾಸಿಗೆಯ ಕೋಣೆಯಲ್ಲಿ ಉಳಿದ ಏಳು ಜನ ಏಳುವ ಮೊದಲೇ ಎದ್ದು, ಬಚ್ಚಲಿನ ಚಿಲಕ ಹಾಕಿಕೊಂಡು, ಆವಿ ಹಿಡಿದ ಅಂಗೈಯಗಲದ ಕನ್ನಡಿಯಲ್ಲಿ ನೋಡಿಕೊಂಡು ಮೂರು ಎಳೆಗೆ ಮೂರು ಎಳೆ ಸೇರಿಸಿ ಹೆಣೆಯಬೇಕು. ಗೋಡೆಯ ಡ್ರೈಯರು ಎರಡು ನಿಮಿಷಕ್ಕೊಮ್ಮೆ ತಾನೇ ಆರಿಹೋಗುತ್ತಿತ್ತು. ಒಂದು ಕೈ ಅದರ ಗುಂಡಿಯ ಮೇಲೆ, ಒಂದು ಕೈ ತಲೆಯ ಮೇಲೆ, ಬಾಯಲ್ಲಿ ಪಿನ್ನು. ಆಮೇಲೆ ನೀರು ಹೋಗುವ ಜಾಲರಿಯಲ್ಲಿ ಸಿಕ್ಕಿದ ಕೂದಲನ್ನೆಲ್ಲ ತೆಗೆಯಬೇಕು, ನನ್ನದಲ್ಲದ ಹೊಂಬಣ್ಣದ್ದನ್ನೂ ಸೇರಿಸಿ. ಯಾರಾದರೂ ನನ್ನನ್ನೇ ಬೈದರೆ ಎಂಬ ಭಯ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪಿನ್ನುಗಳಿಗೆ ಯಂತ್ರ ಕೂಗಿ, ಅಲ್ಲಿದ್ದ ಹೆಂಗಸು ಜಡೆಯನ್ನು ಬುಡದಿಂದ ತುದಿಯವರೆಗೆ ಒತ್ತಿ ನೋಡಿದ್ದೂ ಆಯಿತು. ಇಷ್ಟೆಲ್ಲ ಮಾಡಿಯೂ ಚೌರಿಯ ಗಂಟು ಒಂದು ದಿನವೂ ಸರಿಯಾಗಿ ಒಣಗಲಿಲ್ಲ. ಒದ್ದೆ ಗಂಟು ಹೊತ್ತು ಹೊತ್ತು ಕತ್ತು ಸೆಟೆದುಕೊಂಡಿತ್ತು. ಮುಗ್ಗಲು ವಾಸನೆ ಬೇರೆ.

ಅಂದು ಒಗೆಯುವ ಯಂತ್ರಗಳ ಹಿಂದೆ, ಕಸದ ಬುಟ್ಟಿಯೊಳಗೆ, ಯಾರದೋ ಹಾಸಿಗೆ ಬಟ್ಟೆಯ ರಾಶಿಯಲ್ಲಿ ಎಲ್ಲ ಹುಡುಕಿದೆ. ಕೊನೆಗೆ ತಲೆಗೆ ಶಾಲು ಸುತ್ತಿಕೊಂಡು ಹೊರಗೆ ಬಂದಾಗ ಎಂಟೂವರೆ. ನಾದಿನಿ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಎರಡೂ ಬ್ಯಾಗು ಇಟ್ಟುಕೊಂಡು ಕೂತಿದ್ದಳು.

"ಎಂಟೂ ಹತ್ತರ ಬಸ್ಸು ಹೋಯ್ತು ಅತ್ತಿಗೆ."

"ಹೊಟ್ಟೆ ಸರಿ ಇರ್ಲಿಲ್ಲ ಕಣೇ."

"ಇಪ್ಪತ್ತಮೂರು ದಿನದಿಂದಾನಾ?" ಅವಳು ಜೋರು ಮಾಡಲಿಲ್ಲ. ಜೋರು ಮಾಡುವ ಶಕ್ತಿ ಅವಳಲ್ಲೂ ಉಳಿದಿರಲಿಲ್ಲ. "ಮೊದ್ಲು ರೈಲು ತಪ್ತು. ಮೊನ್ನೆ ದೋಣಿ. ದಿನಾ ಮುಕ್ಕಾಲು ಗಂಟೆ ಬಚ್ಚಲಲ್ಲಿ ಕೂರ್ತೀರಿ, ಹೊರಗೆ ಸಾಲು ನಿಂತೋರಿಗೆಲ್ಲ ನಾನು ಕ್ಷಮಿಸಿ ಕ್ಷಮಿಸಿ ಅಂತಿರ್ಬೇಕು. ನನ್ನ ಜೊತೆ ಬರೋದು ಇಷ್ಟ ಇಲ್ದಿದ್ರೆ ಮನೇಲೇ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ? ಅಣ್ಣಂಗೆ ಫೋನ್ ಮಾಡ್ತೀನಿ. ನಾಳೆಗೇ ಟಿಕೆಟ್ ಮಾಡ್ಸಿ ವಾಪಸ್ ಹೋಗೋಣ. ಸಾಕು."

ಇನ್ನೂ ಏಳು ದಿನ ಇತ್ತು. ನಾವು ಕೊನೆಗೆ ಹೋಗಬೇಕಿದ್ದ ಕಡಲ ದಂಡೆಯ ಊರಿನ ಚಿತ್ರವನ್ನು ಅವಳು ಮೂರು ವರ್ಷ ಮೇಜಿನ ಮೇಲೆ ಅಂಟಿಸಿಕೊಂಡಿದ್ದಳು. ಫೋನಿನ ಮೇಲೆ ಅವಳ ಹೆಬ್ಬೆರಳು ಅಣ್ಣನ ನಂಬರು ಹುಡುಕುತ್ತಿತ್ತು. ನಾನು ಶಾಲು ತೆಗೆದೆ.

ಅವಳು ನೋಡಿದಳು. ಎದ್ದು ನನ್ನ ಹಿಂದೆ ಬಂದು ನಿಂತೂ ನೋಡಿದಳು.

"ಕತ್ತರಿಸ್ಕೊಂಡ್ರಾ?"

"ಇಲ್ಲ. ಇರೋದೇ ಇಷ್ಟು."

ಟೈಫಾಯ್ಡು, ಡಬ್ಬಿ, ಚೌರಿ, ಬಿಸಿ ಪೈಪು ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಕ್ಕಿದ್ದರೆ ನನಗೂ ಹಗುರವಾಗುತ್ತಿತ್ತು.

"ನೀವು ಮನೆಗೆ ಬಂದಾಗ ನಂಗೆ ಹದಿನೈದು" ಎಂದಳು. "ಪ್ರತಿ ಭಾನುವಾರ ಅಮ್ಮ ನನ್ನ ಕೂರಿಸ್ಕೊಂಡು ತಲೆಗೆ ಹರಳೆಣ್ಣೆ, ಮೆಂತ್ಯ, ಮೊಟ್ಟೆ. 'ಅತ್ತಿಗೆ ಜಡೆ ನೋಡು, ನಾಗರಹಾವು. ನಿಂದು ನೋಡು, ಇಲಿ ಬಾಲ.' ಎಂಟು ವರ್ಷ ಅತ್ತಿಗೆ! ಆ ವಾಸನೆಗೆ ಕಾಲೇಜಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಮೊದಲ ಸಂಬಳ ಬಂದ ದಿನಾನೇ ಹೋಗಿ ಎಲ್ಲ ಕತ್ತರಿಸಿ ಬಂದೆ. ನೀವು ಅಲ್ಲೇ ಕೂತು ಬೀನ್ಸ್ ಬಿಡಿಸ್ತಿದ್ರಿ."

ಬಿಡಿಸುತ್ತಿದ್ದೆ, ನೆನಪಿದೆ. ಒಂದು ಸಲ "ಮೊಟ್ಟೆಗಿಂತ ದಾಸವಾಳದ ಎಲೆ ಒಳ್ಳೇದು ಅತ್ತೆ" ಎಂದು ಸಲಹೆಯನ್ನೂ ಕೊಟ್ಟಿದ್ದೆ. ಅವಳಿಗೂ ಅದು ನೆನಪಿತ್ತು; ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಗುಟ್ಟಿನಿಂದ ನನಗೊಬ್ಬಳಿಗೇ ಕಷ್ಟ ಎಂದುಕೊಂಡಿದ್ದೆನಲ್ಲ! ಲೆಕ್ಕ ತಪ್ಪಿದ್ದು ಅಲ್ಲಿ.

ಅಷ್ಟರಲ್ಲಿ ಹಾಸ್ಟೆಲು ಗುಡಿಸಿ ಒರೆಸುವ ಹೆಂಗಸು ಜನ ಮರೆತುಹೋದ ಸಾಮಾನಿನ ಪೆಟ್ಟಿಗೆಯನ್ನು ತಂದು ಕೌಂಟರಿನ ಮೇಲಿಟ್ಟಳು. ಒಂಟಿ ಕಾಲುಚೀಲ, ಕನ್ನಡಕ, ಮೇಲುಗಡೆ ನನ್ನ ಚೌರಿ. ಅದನ್ನು ತುದಿಯಲ್ಲಿ ಹಿಡಿದು ಮೇಲಕ್ಕೆತ್ತಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಯಾರದು ಎಂದೇ ಇರಬೇಕು. ತಿಂಡಿ ತಿನ್ನುತ್ತಿದ್ದವರೆಲ್ಲ ತಿರುಗಿದರು. ಒಬ್ಬ ಗಡ್ಡದವನು ಅದನ್ನು ಇಸಿದುಕೊಂಡು ತನ್ನ ಸೊಂಟದ ಹಿಂದೆ ಬಾಲದಂತೆ ಹಿಡಿದು ಕುಣಿದ. ಒಳ್ಳೆಯ ನಗು ಎದ್ದಿತು.

ನಾನು ನಾದಿನಿಯ ಕಡೆ ನೋಡಿದೆ. ಬೇರೆ ದಿನವಾಗಿದ್ದರೆ ಅವಳೇ ಹೋಗಿ ತರುತ್ತಿದ್ದಳು. ಭಾಷೆ ಬಾರದ ಕಡೆಯಲ್ಲೆಲ್ಲ ಅವಳೇ ನನ್ನ ಬಾಯಿ.

"ನಿಮ್ದು ತಾನೆ? ನೀವೇ ಹೋಗಿ ತಗೊಳ್ಳಿ."

ಹತ್ತು ಹೆಜ್ಜೆ ಇದ್ದಿರಬಹುದು. ಕೌಂಟರಿನ ಮುಂದೆ ನಿಂತು, ನನ್ನ ಎದೆ ಮುಟ್ಟಿಕೊಂಡು, "ನಂದು" ಎಂದೆ, ಕನ್ನಡದಲ್ಲೇ. ಗಡ್ಡದವನು ಬಾಲವನ್ನು ಬೇಗ ಕೆಳಗಿಟ್ಟ. ಗುಡಿಸುವವಳು ನನ್ನ ತಲೆ ನೋಡಿದಳು, ಚೌರಿ ನೋಡಿದಳು. ಅವಳು ಅದನ್ನು ಬಾಚಿ, ಸಿಕ್ಕು ಬಿಡಿಸಿ, ತುದಿಗೊಂದು ರಬ್ಬರ್ ಬ್ಯಾಂಡು ಹಾಕಿಟ್ಟಿದ್ದಳು. ಗಂಟನ್ನು ಹಿಸುಕಿ ತೋರಿಸಿ, ಇನ್ನೂ ಒದ್ದೆ ಎಂಬಂತೆ ತಲೆಯಾಡಿಸಿ, ಕಿಟಕಿಯಾಚೆಯ ಬಿಸಿಲಿಗೆ ಬೆರಳು ಮಾಡಿದಳು.

ಮುಂದಿನ ಬಸ್ಸು ಹನ್ನೊಂದಕ್ಕೆ. ನಿಲ್ದಾಣದಲ್ಲಿ ಚೌರಿಯನ್ನು ಬ್ಯಾಗಿನ ಹೊರಪಟ್ಟಿಗೆ ಕಟ್ಟಿ ಬಿಸಿಲಿಗೆ ತಿರುಗಿಸಿಟ್ಟೆವು. ಆಮೇಲೆ ನಾದಿನಿ "ತಿರುಗಿ" ಎಂದಳು. ನನ್ನ ಬಾಚಣಿಗೆ ತೆಗೆದು, ಇದ್ದಷ್ಟು ಕೂದಲನ್ನು ಬಾಚಿ ಹೆಣೆದಳು. ಮೆತ್ತಗೇನೂ ಬಾಚಲಿಲ್ಲ. ಗಡಿಯಾರ ನೋಡಿದೆ. ಆರು ನಿಮಿಷ.

"ನೆಟ್ಟಗೆ ಕೂತ್ಕೊಳ್ಳಿ. ಅಮ್ಮಂಗೆ ಇವತ್ತಿನ ಫೋಟೋ ಹೋಗಿಲ್ಲ."

"ಹಿಂದ್ಗಡೆ ಹಾಕ್ಕೊಳ್ಲಾ?"

"ಮುಂದೆ. ದಿನಾ ಹಾಕ್ಕೊಳ್ಳೋ ಹಾಗೆ."

ಗುಬ್ಬಿ ಕಾಲಿನಂಥ ಜಡೆಯನ್ನು ಎಡ ಹೆಗಲ ಮೇಲೆ ಎಳೆದುಕೊಂಡೆ. ಎದೆಯ ಅರ್ಧಕ್ಕೂ ಬರಲಿಲ್ಲ. ಫೋಟೋ ಹೋಯಿತು. ಕತ್ತು ಮಾತ್ರ ಹಗುರವಾಗಿತ್ತು. ಎರಡು ನಿಮಿಷ ಆಗಿರಲಿಲ್ಲ, ಫೋನು ಬಡಿದುಕೊಂಡಿತು. ನಾದಿನಿ ಅದನ್ನು ನನ್ನ ಕೈಗಿಟ್ಟಳು.

"ಏನಮ್ಮಾ ಇದು?" ಅತ್ತೆಯ ದನಿ ನಿಲ್ದಾಣದವರಿಗೆಲ್ಲ ಕೇಳುವಂತಿತ್ತು. "ನಿನ್ನ ಜಡೆ ಎಲ್ಲಿ?"

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಗೆ ಎಷ್ಟೋ ಉತ್ತರ ತಯಾರು ಮಾಡಿಟ್ಟಿದ್ದೆ. ಅವನ್ನು ಹುಡುಕುವ ತ್ರಾಣ ಉಳಿದಿರಲಿಲ್ಲ.

"ಬ್ಯಾಗಲ್ಲಿದೆ ಅತ್ತೆ" ಎಂದೆ.

"ಬ್ಯಾಗಲ್ಲಾ?" ಎಂದರು ಅತ್ತೆ. ತಿರುವಿನಲ್ಲಿ ಬಸ್ಸು ಕಾಣಿಸಿತು. ನಾದಿನಿ ಎದ್ದು ಎರಡು ಬ್ಯಾಗನ್ನೂ ತಾನೇ ಹೆಗಲಿಗೆ ಹಾಕಿಕೊಂಡಳು, ಚೌರಿ ಅವಳ ಮೊಣಕೈಗೆ ತಾಗುತ್ತಿತ್ತು.

"ಪೂರ್ತಿ ಹೇಳಿ ಅತ್ತಿಗೆ" ಎಂದಳು. "ದಾಸವಾಳದ ವಿಷಯಾನೂ."