ಕದಿರಮ್ಮನ ಕೈಗುಣ

ಜಂಗಮಕೋಟೆಯ ಓಬಳಮ್ಮನ ಮನೆಗೆ ಸೊಸೆಯಾಗಿ ಬಂದ ಕದಿರಮ್ಮ ಮಾಡಿದ ಒಂದೇ ತಪ್ಪು, ಮೊದಲ ಸಲ ರೇಷ್ಮೆಹುಳದ ಮನೆಯನ್ನು ಚೆನ್ನಾಗಿ ಚೊಕ್ಕಟ ಮಾಡಿದ್ದು. ಗೋಡೆಗೆ ಸುಣ್ಣ ಹೊಡೆದು, ನೆಲ ಸಾರಿಸಿ, ಬಿದಿರಿನ ತಟ್ಟೆಗಳಿಗೂ ಸಗಣಿ ಬಳಿದು ಬಿಸಿಲಲ್ಲಿ ಒಣಗಿಸಿ, ಇರುವೆ ಬರದ ಹಾಗೆ ಸುತ್ತ ಬೂದಿ ಚೆಲ್ಲಿದಳು. ಎಲ್ಲರ ಮನೆಯಲ್ಲೂ ಮಾಡೋದೇ! ಆದರೆ ಆ ಬೆಳೆಯಲ್ಲಿ ಒಂದು ರೇಷ್ಮೆಹುಳವೂ ಸಾಯಲಿಲ್ಲ. "ಎಲ್ಲಾ ನಮ್ಮ ಸೊಸೆ ಕೈಗುಣ" ಅಂತ ಓಬಳಮ್ಮ ಊರೆಲ್ಲ ಸಾರಿದಳು. ಅಲ್ಲಿಗೆ ಮುಗೀತು. ಬೆಳೆ ಮೇಲೆ ಬೆಳೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದರೂ ಈ ಹುಡುಗಿ ಮೂರು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಈಗ ಪೆರೇಸಂದ್ರದಲ್ಲಿ ತಂಗಿ ಅಮ್ಮಾಜಿಯ ಮದುವೆ.

"ಮದುವೆ ಹೊತ್ತಿಗೆ ಹುಳ ಮೂರನೇ ಜ್ವರದಲ್ಲಿರ್ತವೆ ಕಣಮ್ಮ," ಅಂದಳು ಅತ್ತೆ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರ ಅಂತಾರೆ. "ನೀನು ಹೋದ್ರೆ ಕೈಗುಣಾನೂ ನಿನ್ನ ಜತೇಲೇ ಹೋಗ್ತದೆ. ಆವಲಪ್ಪ ಹೋಗಿ ಅಕ್ಷತೆ ಹಾಕಿ ಬರ್ತಾನೆ ಬಿಡು."

ಗಂಡ ಆವಲಪ್ಪ ತಲೆ ಕೆರೆದುಕೊಂಡು ಎದ್ದು ಹೋದ. ಅಮ್ಮನ ಎದುರು ಆ ಮಹಾರಾಯನಿಗೆ ನಾಲಿಗೆ ಎಲ್ಲಿದೆ!

ಕದಿರಮ್ಮ ಅಲ್ಲೇ ಲೆಕ್ಕ ಹಾಕಿದಳು. ಕೈಗುಣ ತಾನೇ? ಅದನ್ನೇ ಕೆಡಿಸಿದರಾಯಿತು. ಈ ಬೆಳೆ ಮರಿಯಲ್ಲೇ ಹಾಳಾದರೆ ತಿಪ್ಪೆಗೆ ಚೆಲ್ಲುತ್ತಾರೆ. ಆಮೇಲೆ ತಡೆಯೋಕೆ ಏನಿದೆ? ಹೊಸ ಮರಿ ಬರುವ ಮುಂಚೆ ಹುಳದ ಮನೆಯ ಬಾಗಿಲು ಹಾಕಿಕೊಂಡು, ಕಲಸಿದ ಸುಣ್ಣವನ್ನು ಹಿಂದಿನ ಚರಂಡಿಗೆ ಸುರಿದಳು. ಗೋಡೆ ಮೇಲೆ ಹೋದ ಬೆಳೆಯ ಸುಣ್ಣ ಇನ್ನೂ ಬೆಳ್ಳಗೇ ಇತ್ತು. ಆ ಕತ್ತಲಕೋಣೆಯಲ್ಲಿ ಯಾರಿಗೆ ಗೊತ್ತಾಗಬೇಕು! ಅತ್ತೆಯ ಕಣ್ಣಿಗೆ ಬೀಳುವಷ್ಟು, ಬಾಗಿಲ ಬಳಿ ಮಾತ್ರ ಸಾರಿಸಿದಳು. ತಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುಮ್ಮನೆ ಒರೆಸಿಟ್ಟಳು.

ಪಾಪ, ಹುಳಗಳ ಮೇಲೆ ಅವಳಿಗೇನು ಹಗೆ? ಮರಿಗಳಿಗೆ ಸೊಪ್ಪು ಹೆಚ್ಚಿ ಹಾಕುವಾಗ ಕಣ್ಣು ತುಂಬುತ್ತಿತ್ತು. ಆದರೂ ದಿನಾ ಬಗ್ಗಿ ನೋಡುವಳು, ಯಾವುದಾದರೂ ಸತ್ತಿದೆಯಾ ಅಂತ. ಒಂದನೇ ಜ್ವರದಿಂದ ಎದ್ದವು. ಎರಡನೇದರಿಂದಲೂ ಎದ್ದವು. ಬರಗೆಟ್ಟವರ ಹಾಗೆ ಮೇಯುತ್ತಿದ್ದವು, ಹಾಳಾದವು! ಮದುವೆಗೆ ಆವಲಪ್ಪ ಒಬ್ಬನೇ ಬಸ್ಸು ಹತ್ತಿದ. ಮೂರನೇ ಜ್ವರಕ್ಕೆ ಮಲಗಿದ ಹುಳಗಳ ಮುಂದೆ ಕೂತು ಕದಿರಮ್ಮ ಅತ್ತಳು.

ಆ ಸಲದಂಥ ಗೂಡನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಮನೆ ಗಂಗುಲಮ್ಮನ ಹುಳವೆಲ್ಲ ರೋಗ ಬಂದು ಸತ್ತಿದ್ದವು. ಅವಳ ಎದುರಿಗೇ ಓಬಳಮ್ಮ ಸೊಸೆಗೆ ದೃಷ್ಟಿ ತೆಗೆದಳು. ಕದಿರಮ್ಮನಿಗೆ ತಡೆಯಲಾಗಲಿಲ್ಲ.

"ಅತ್ತೆ, ಈ ಸಲ ನಾನು ಸುಣ್ಣ ಹೊಡೀಲಿಲ್ಲ. ತಟ್ಟೆಗೆ ಸಗಣೀನೂ ಬಳೀಲಿಲ್ಲ. ಬೇಕೂಂತಲೇ ಬಿಟ್ಟೆ. ಹುಳ ಸತ್ರೆ ಮದುವೆಗೆ ಕಳಿಸ್ತೀರ ಅಂತ. ನನ್ನ ಕೈಲಿ ಯಾವ ಗುಣಾನೂ ಇಲ್ಲ!"

 ಅತ್ತೆ ಬೈಯಲಿ ಅಂತ ಕದಿರಮ್ಮ ಕಾದಳು. ಮನೆ ಬಿಟ್ಟು ತೊಲಗು ಅಂದರೆ ಇನ್ನೂ ಒಳ್ಳೇದೇ.

"ಅಯ್ಯೋ ನನ್ನ ತಾಯಿ!" ಓಬಳಮ್ಮ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಸುಣ್ಣ ಇಲ್ಲ, ಸಗಣಿ ಇಲ್ಲ, ಬರೀ ನೀನು ಮುಟ್ಟಿದ್ದಕ್ಕೇ ಇಷ್ಟು ಬೆಳೆ! ಕೇಳಿದ್ಯೇನೇ ಗಂಗುಲಮ್ಮ?"

ಗಂಗುಲಮ್ಮ ಆಗಲೇ ಹತ್ತಿರ ಬಂದಿದ್ದಳು. "ಅಕ್ಕಾ, ನಾಳೆ ನಮ್ಮನೇಗೂ ಒಂದ್ಸಲ ಕಳಿಸಕ್ಕ. ಸುಮ್ನೆ ಬಂದು ತಟ್ಟೆ ಮುಟ್ಟಿದ್ರೆ ಸಾಕು."