ಬೆನ್ನಿನ ಎರಡು ಪಟ್ಟಿ

ಊರ್ಮಿಳಾಗೆ ನಾಚಿಕೆ ಬಿಟ್ಟು ಮಾತಾಡುವ ಅಭ್ಯಾಸ ಇರಲಿಲ್ಲ.

ಶೋಳಿಂಗನಲ್ಲೂರಿನ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ದಿನವಿಡೀ ಕೈಗೆ ರಬ್ಬರ್ ಗ್ಲೌಸ್. ಬೆರಳು ಬಿರಿದು ನೀರು ಸೋರತೊಡಗಿದಾಗ ಲ್ಯಾಬಿನವರು, ರಬ್ಬರ್ ಆಗದೆಂದು ಡಾಕ್ಟರು ಬರೆದುಕೊಟ್ಟರೆ ಬೇರೆ ಗ್ಲೌಸ್ ತರಿಸುತ್ತೇವೆ, ಇಲ್ಲವಾದರೆ ಕೈ ವಾಸಿ ಮಾಡಿಕೊಂಡು ಬಾ ಅಂದರು.

ಚರ್ಮದ ಡಾಕ್ಟರು ಶಂಕರನಾರಾಯಣ ಚೆನ್ನೈನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಸೋಮವಾರ ಅವಳ ಬೆನ್ನಿಗೆ ನಂಬರ್ ಬರೆದ ಎರಡು ಪಟ್ಟಿ ಅಂಟಿಸಿದರು. ಎಡಗಡೆಯ ಒಂದನೇ ಪಟ್ಟಿಯಲ್ಲಿ ರಬ್ಬರಿನ ಮದ್ದು, ಬಲಗಡೆಯ ಎರಡನೆಯದರಲ್ಲಿ ನಿಕ್ಕಲ್. ಯಾವುದರ ಕೆಳಗೆ ಚರ್ಮ ಕೆಂಪಾಗುತ್ತದೋ ಅದು ಮೈಗೆ ಆಗದು.

“ಬುಧವಾರ ಬಿಚ್ಚೋವರೆಗೂ ಬೆನ್ನಿಗೆ ತಣ್ಣಿ, ಒಂದು ತೊಟ್ಟು ನೀರೂ, ತಾಕಬಾರದಮ್ಮಾ. ಕಿತ್ತು ಬಂದ್ರೆ ಹೇಳ್ಬಿಡಿ, ಪರವಾಯಿಲ್ಲೆ, ಬೇರೆ ಹಾಕೋಣ.”

ಗಂಡ ಸಾಯಿ ಫೋಟೊ ತೆಗೆದು ನಕ್ಕ. “ಏರ್‌ಪೋರ್ಟ್ ಲಗೇಜ್ ಇದ್ದಂಗಿದೀಯ.”

ಅವಳು ಭಾನುವಾರವಷ್ಟೇ ಮುಟ್ಟಾಗಿದ್ದಳು. ನಾಲ್ಕನೇ ದಿನ, ಬುಧವಾರ ಬೆಳಿಗ್ಗೆ, ಮಂಡ್ಯದಿಂದ ಬಂದಿದ್ದ ಅತ್ತೆ ಪ್ರೇಮಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

“ತಲೆಗುಯ್ಕಳ್ದೆ ಒಲೆ ಮುಂದಕ್ಕೆ ಬತ್ತೀಯೇನವ್ವ?”

“ಬೆನ್ನಲ್ಲಿ ಪಟ್ಟಿ ಐತಲ್ಲತ್ತೆ.”

“ಬೆನ್ನಿಗುಯ್ಕೊ ಅಂದೋರ್ಯಾರು? ಬಗ್ಗಿ ತಲೆಗುಯ್ಕೊ.”

ಬಗ್ಗಿಯೇ ಹುಯ್ದುಕೊಂಡಳು. ನೀರು ಕತ್ತಿನಿಂದ ಬೆನ್ನಿಗಿಳಿದು ಎರಡೂ ಪಟ್ಟಿ ಕಿತ್ತು ಬಚ್ಚಲಿಗೆ ಬಿದ್ದವು. ಸಾಯಿ ಒರೆಸಿ, ಅಂಟಿಸಿ, ಮೇಲೆ ಟೇಪ್ ಬಿಗಿದು, ಮತ್ತೊಂದು ಫೋಟೊ ತೆಗೆದ. “ಡಾಕ್ಟ್ರೇ ಅಂಟ್ಸಿದಂಗೈತೆ. ಫೀಸ್ ಕೊಡು.”

ಅತ್ತೆಯ ಜೊತೆ ಕ್ಲಿನಿಕ್ಕಿಗೆ ಹೋದಾಗ ಟೇಪ್ ನೋಡಿ ಡಾಕ್ಟರು ಕೇಳಿದರು. “ಇದೇನಮ್ಮಾ, ಕಿತ್ತು ಬಂತಾ?”

ಬಂತು ಅಂದರೆ ಹೇಗೆ ಅನ್ನುತ್ತಾರೆ. ಸ್ನಾನ ಅಂದರೆ ಯಾಕೆ ಅನ್ನುತ್ತಾರೆ. ಎದುರಿಗೆ ಗಂಡಸು, ಪಕ್ಕದಲ್ಲಿ ಅತ್ತೆ. ಊರ್ಮಿಳಾಳ ಕಿವಿ ಬಿಸಿಯಾಯಿತು.

“ಇಲ್ಲ ಸಾರ್. ಬೆವರಿಗೆ ಅಂಚು ಎದ್ದಿತ್ತು, ಅಷ್ಟೆ.”

ನರ್ಸ್ ಪಟ್ಟಿಯ ನಂಬರ್ ನೋಡಿ ಬೆನ್ನ ಮೇಲೆ ಗುರುತು ಹಾಕಿದಳು. ಕೆಂಪಾಗಿದ್ದುದು ಎರಡನೆಯದರ ಕೆಳಗೆ. ಶುಕ್ರವಾರ ಇನ್ನೊಮ್ಮೆ ನೋಡಿ ಡಾಕ್ಟರು ನಿಕ್ಕಲ್ ಅಂದರು. “ಈ ಚಿನ್ನದ ನೀರಿನ ಕವರಿಂಗ್ ಬಳೆಯಲ್ಲಿ ನಿಕ್ಕಲ್ ಇರುತ್ತೆ, ತೆಗೆದಿಡಿ. ಗ್ಲೌಸ್ ಮಾತ್ರ ಬಿಡಬೇಡಿ.”

ಅವಳು ಬಳೆ ತೆಗೆದಿಟ್ಟಳು. ಪಾತ್ರೆ ತೊಳೆಯುವಾಗಲೂ ರಬ್ಬರ್ ಗ್ಲೌಸ್ ಹಾಕಿಕೊಂಡಳು. ತಿಂಗಳು ಕಳೆಯುವಷ್ಟರಲ್ಲಿ ಬೆರಳುಗಳು ಹಸಿಮಾಂಸದಂತಾಗಿ ಉಗುರು ಏಳತೊಡಗಿದವು. ಆಗ ಸಾಯಿಯ ಫೋನಿನಲ್ಲಿ ಆ ಎರಡು ಫೋಟೊ ಕಂಡವು. ಸೋಮವಾರ ಒಂದನೇ ಪಟ್ಟಿ ಎಡಗಡೆಗಿತ್ತು. ಬುಧವಾರ ಅದೇ ಪಟ್ಟಿ ಬಲಗಡೆಗಿತ್ತು. ಕೆಂಪಾಗಿದ್ದುದು ರಬ್ಬರ್ ಇದ್ದ ಜಾಗ.

“ಹೋಗಿ ಹೇಳ್ಬಿಡು,” ಅಂದ ಸಾಯಿ.

“ಅಂಟಿಸ್ದೋನು ನೀನು. ನೀನೇ ಹೇಳು.”

“ಮುಟ್ಟಿನ ವಿಷ್ಯ ಡಾಕ್ಟ್ರತ್ರ ನಾನ್ ಹೆಂಗೇಳ್ಲಿ?”

ಅವಳು ಒಮ್ಮೆ ಕ್ಲಿನಿಕ್ಕಿಗೆ ಫೋನ್ ಮಾಡಿದಳು. “ಹೇಳಿಮ್ಮಾ” ಎಂದು ಡಾಕ್ಟರ ದನಿಯೇ ಕೇಳಿದಾಗ ಕಟ್ ಮಾಡಿದಳು. ಆಮೇಲೆ ಮಾಡಲಿಲ್ಲ. ಅಂಥ ಕೈಯಲ್ಲಿ ರಕ್ತ ತೆಗೆಸಿಕೊಳ್ಳಲು ಜನ ಒಪ್ಪುತ್ತಿಲ್ಲವೆಂದು ಲ್ಯಾಬಿನವರು ಅವಳನ್ನು ಬಿಡಿಸಿದರು.

ಹೋದದ್ದು ಮೂರು ಉಗುರು, ಒಂದು ಕೆಲಸ.