ಹಿತ್ತಲ ಶೆಡ್ಡಿನ ಹತ್ತು ಮೊಳ

ತೊಲೆ ಗಿಡ್ಡವೋ, ಪಾಯ ದೂರವೋ? ಮಾರ್ತಾಂಡರಾಯನ ತಲೆ ಗಿರ್ರೆಂದಿತು. ಖಾಸಬಾಗದ ಹಿತ್ತಲಲ್ಲಿ ಅವನೇ ಮುಂದೆ ನಿಂತು ಹಾಕಿಸಿದ ನಾಲ್ಕು ಕಾಂಕ್ರೀಟು ಪಾಯಗಳು ಮೊಣಕಾಲೆತ್ತರ ಎದ್ದು ನಿಂತಿದ್ದವು. ಖಾನಾಪುರದಿಂದ ಚಕ್ಕಡಿಯಲ್ಲಿ ಬಂದಿಳಿದ ನಾಲ್ಕು ಸಾಗವಾನಿ ತೊಲೆಗಳಲ್ಲಿ ಯಾವುದರ ಒಂದು ತುದಿಯನ್ನು ಈ ಪಾಯದ ಮೇಲಿಟ್ಟರೆ ಇನ್ನೊಂದು ತುದಿ ಆಚೆಯದನ್ನು ಮುಟ್ಟಲೊಲ್ಲದು. ಹೇಳಿದ್ದೂ ಹತ್ತು ಮೊಳ, ಕೊಯ್ದದ್ದೂ ಹತ್ತು ಮೊಳ. ನಡುವಿನದನ್ನು ಯಾವ ಭೂತ ತಿಂದಿತು?

ಶೆಡ್ಡು ತಂಗಿ ಕುಂದಾಳಿಗಾಗಿ. ಗಂಡ ತೀರಿದ ಮೇಲೆ ಅತ್ತೆ ಮನೆಯವರು ಅವಳನ್ನು ತವರಿಗೆ ಕಳಿಸಿಬಿಟ್ಟಿದ್ದರು. ಬಳೆ ಮಾರಿ ಹೊಲಿಗೆ ಮಷಿನ್ನು ತಂದು ನಾಲ್ಕು ಮನೆಯ ರವಿಕೆ ಹೊಲಿಯುತ್ತಿದ್ದಳು, ಪಾಪ. ಆದರೆ ಊಟದ ಹೊತ್ತಾದರೆ ಮಷಿನ್ನು ಎತ್ತು, ನೆಂಟರು ಬಂದರೆ ಎತ್ತು. ಗಿರಾಕಿಗಳು ಕೂರಲು ಜಾಗವಿಲ್ಲದೆ ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟಿದ್ದರು. "ಹಿತ್ತಲದಾಗ ನಿನಗಂತನ ಒಂದು ಶೆಡ್ಡು ಕಟ್ಟಸ್ತೀನಿ" ಎಂದು ಮಾರ್ತಾಂಡ ಮಾತು ಕೊಟ್ಟಿದ್ದ. ಅವನು ಕ್ಯಾಂಪಿನಲ್ಲಿ ಗುಮಾಸ್ತ. ಅಲ್ಲಿಯ ಮಿಲಿಟರಿ ಶೆಡ್ಡುಗಳು ಸಿಮೆಂಟಿನ ಕಾಲ ಮೇಲೆ ನಿಂತದ್ದನ್ನೂ, ಗೆದ್ದಲು ಹತ್ತಲಾರದೆ ಸೋತದ್ದನ್ನೂ ಕಂಡು ಮರುಳಾಗಿದ್ದ. ೧೯೨೬ರಲ್ಲಿ ಖಾಸಬಾಗದ ಯಾವ ಹಿತ್ತಲಿಗೂ ಸಿಮೆಂಟು ಕಾಲಿಟ್ಟಿರಲಿಲ್ಲ. ಓಣಿಗೆ ಓಣಿಯೇ ನೋಡಲು ಬಂದಿತ್ತು. ಇವನ ಮೀಸೆ ಆಗಲೇ ಮೇಲೇರಿದ್ದು.

ಈಗ ಅದೇ ಓಣಿ ಬೇಲಿಯಾಚೆ ನಿಂತು ಕಿಸಿಕಿಸಿ ನಗುತ್ತಿತ್ತು.

"ಕಟಿಗಿ ಒಣಗಿ ಗಿಡ್ಡಾತೇನೋ?" ಎಂದ ಮಾರ್ತಾಂಡ.

"ಇಷ್ಟ ಒಣಗಾಕ ಅದೇನು ಹಪ್ಪಳೇನ್ರಿ ರಾಯರ?" ಎಂದ ಗವಂಡಿ ಭರಮಪ್ಪ. ಗೋಡೆ, ಪಾಯದ ಕೆಲಸವೆಲ್ಲ ಅವನದು.

ಮಾರ್ತಾಂಡ ಮೊಣಕೈ ಊರಿ ಪಾಯದಿಂದ ಪಾಯಕ್ಕೆ ಅಳೆದ. ಸರಿಯಾಗಿ ಹತ್ತು ಮೊಳ. ತೊಲೆ ಅಳೆದ. ಒಂಬತ್ತೂ ಆಗಲಿಲ್ಲ. ಭರಮಪ್ಪ ಅಳೆದರೆ ಮತ್ತೇನೋ ಬಂತು. ತನ್ನ ಕೈಯೇ ಬೆಳೆಯಿತೋ ಏನೋ ಎಂದು ಮಾರ್ತಾಂಡ ತೋಳನ್ನು ತಿರುಗಿಸಿ ನೋಡಿಕೊಂಡ.

ತೊಲೆಯ ಜೊತೆ ಬಂದಿದ್ದ ಖಾನಾಪುರದ ಬಡಿಗ ನಾಗಲಿಂಗನಿಗೆ ಸಿಟ್ಟು ಬಂತು. ಚಕ್ಕಡಿಯಿಂದ ಒಂದು ಬಿದಿರು ಕೋಲು ತಂದು ನೆಲಕ್ಕೆ ಕುಕ್ಕಿದ. "ನಮ್ಮ ಪದ್ಧತಿ ಗೊತ್ತೈತಲ್ರಿ? ಯಜಮಾನರ ಮೊಳಕ್ಕ ಕೋಲು ಕಡದ ಕೆಲಸಾ ಹಿಡೀತೀವಿ. ಹತ್ತು ಕೋಲು ಅಂದ್ರ ಹತ್ತು ಕೋಲು. ಅಳದ ನೋಡ್ರಿ!"

ಮಾರ್ತಾಂಡ ಕೋಲಿನ ಮೇಲೆ ಕೈಯಿಟ್ಟ. ಅವನ ಬೆರಳುಗಳು ಆಚೆ ಚಾಚಿಕೊಂಡವು.

"ಯಜಮಾನ ನಾನು! ನಾ ಯಾವಾಗ ಖಾನಾಪುರಕ್ಕ ಬಂದಿದ್ನೋ, ನನ್ನ ಮೊಳಾ ನಿನಗ ಎಲ್ಲಿ ಸಿಕ್ತು?"

ನಾಗಲಿಂಗ ಹಿತ್ತಲ ಬಾಗಿಲ ಕಡೆ ನೋಡಿದ. ಅಲ್ಲಿ ಕುಂದಾ ನಿಂತಿದ್ದಳು. ಸೋದರಮಾವನ ಮನೆಗೆಂದು ಖಾನಾಪುರಕ್ಕೆ ಹೊರಟಿದ್ದವಳ ಕೈಯಲ್ಲೇ ಮಾರ್ತಾಂಡ ತೊಲೆಯ ಅಳತೆ ಹೇಳಿ ಕಳಿಸಿದ್ದ.

"ನಂದು ಅಣ್ಣಾ" ಎಂದಳು. "ಯಾರದು ಶೆಡ್ಡು, ಯಾರ ಮೊಳಾ ಹಿಡೀಲಿ ಅಂತ ನಾಗಲಿಂಗಪ್ಪ ಕೇಳಿದ. ನಂದು ಅಂತ ಕೈ ಚಾಚಿದೆ."

"ಹುಚ್ಚಿ! ಯಜಮಾನನ ಕೈ ಬಿಟ್ಟು ಹೆಂಗಸಿನ ಕೈ ಯಾರರ ಹಿಡೀತಾರೇನು?"

"ಅತ್ತಿ ಮನ್ಯಾಗ ಇದು ನಿಂದಲ್ಲ, ತವರಿಗೆ ಹೋಗು ಅಂದ್ರು. ಇಲ್ಲಿ ಬಂದ್ರ ಇದು ವೈನಿ ಮನಿ. ನೀ ಒಬ್ಬಾವ 'ನಿನಗಂತನ' ಅಂದಿ. ನಾ ಖರೇ ತಿಳಕೊಂಡೆ. ಸುಳ್ಳೇನು ಅದು?"

ಶೆಡ್ಡಿನ ಒಂದು ಮೂಲೆಯಲ್ಲಿ ಕಟ್ಟಿಗೆ ಒಟ್ಟಬೇಕು, ಇನ್ನೊಂದರಲ್ಲಿ ಸೈಕಲ್ಲಿಡಬೇಕು ಎಂದು ಮಾರ್ತಾಂಡ ಆಗಲೇ ತನ್ನ ಹೆಂಡತಿಯ, ಅಂದರೆ ಅದೇ ವೈನಿಯ, ಹತ್ತಿರ ಮಾತಾಡಿಟ್ಟಿದ್ದ. ನಾಚಿಕೆಯಾಯಿತು. ಸಿಟ್ಟೂ ಇತ್ತು, ಯಾರ ಮೇಲೆಂದು ತಿಳಿಯಲಿಲ್ಲ.

"ತೊಲಿ ಉದ್ದ ಮಾಡಾಕ ಆಗೂದಿಲ್ರಿ. ನಾಕೂ ಕಡೆ ಗಿಡ್ಡ ಆಗತಾವ, ಒಂದು ಪಾಯ ಉಳಿಸಿ ಮೂರು ಒಡೀಬೇಕು" ಎಂದ ಭರಮಪ್ಪ. "ಇಲ್ಲಾ, ಬ್ಯಾರೆ ತೊಲಿ ತರಸ್ರಿ."

ಬೇಲಿಯಾಚೆಯ ನಗೆ ನಿಂತಿತ್ತು. ಮಾರ್ತಾಂಡ ತನ್ನ ಮೆಚ್ಚಿನ ಪಾಯಗಳನ್ನು ಒಂದೊಂದಾಗಿ ನೋಡಿದ.

"ಒಡಿ" ಎಂದ.

ಹಾರೆಯ ಪೆಟ್ಟಿಗೆ ಸಿಮೆಂಟು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಡೆಯುವಷ್ಟರಲ್ಲಿ ಭರಮಪ್ಪ ಹೈರಾಣಾದ. ಹೊಸ ಗುಂಡಿಗೆ ದಾರ ಕಟ್ಟುವಾಗ ರೂಢಿಯಂತೆ, "ರಾಯರ, ಅಳತಿಗೆ ಕೈ ಕೊಡ್ರಿ" ಎಂದು ಮಾರ್ತಾಂಡನ ಮುಂದೆ ಬಂದು ನಿಂತ.

ಮಾರ್ತಾಂಡ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಂಗಿಯ ಕಡೆ ತಿರುಗಿದ.